ಮರದ ಬಟ್ಟಲಿನ ಶೇವಿಂಗ್ ಸೋಪು: ಗಟ್ಟಿ ನೊರೆ ತೆಗೆಯುವುದು ಹೇಗೆ?

ಹುಟ್ಟುಹಬ್ಬಕ್ಕೋ, ಲಂಡನ್ನಿನಿಂದ ರಜೆಗೆ ಬಂದ ನೆಂಟರ ಕೈಯಿಂದಲೋ ಮನೆಗೆ ಒಂದು ಮರದ ಬಟ್ಟಲು ಬರುತ್ತದೆ. ಮುಚ್ಚಳ ತೆಗೆದರೆ ಕಲ್ಲಿನಷ್ಟು ಗಟ್ಟಿ ಸೋಪಿನ ಬಿಲ್ಲೆ, ಮೇಲೆ ಕಂಪನಿಯ ಮುದ್ರೆ. ನಾಲ್ಕು ದಿನ ಉಜ್ಜಿ ನೋಡುತ್ತಾರೆ. ಆಮೇಲೆ ಬಟ್ಟಲು ಕಪಾಟಿನ ಮೂಲೆ ಸೇರುತ್ತದೆ, ಹಳೇ ಕ್ರೀಮಿನ ಟ್ಯೂಬು ಈಚೆ ಬರುತ್ತದೆ. ಕೇಳಿದರೆ, ‘ನೊರೆನೇ ಬರಲ್ಲ ಮಾರಾಯ, ಸುಮ್ನೆ ದುಡ್ಡು ದಂಡ’ ಅನ್ನುತ್ತಾರೆ. ಸೋಪಿನದ್ದು ಏನೂ ತಪ್ಪಿಲ್ಲ. ಬ್ರಷ್ಷಿಗೆ ಹತ್ತುವ ಸೋಪು ಕಡಿಮೆ, ನೀರು ಜಾಸ್ತಿ, ಅಷ್ಟೇ.

ಈ ಬಿಲ್ಲೆ ಯಾಕಷ್ಟು ಗಟ್ಟಿ? ಸೋಪನ್ನು ರೋಲರುಗಳ ನಡುವೆ ಮೂರು ಸಲ ಅರೆದು, ನೀರಿನಂಶ ಇಳಿಸಿ, ಅಚ್ಚಿಗೆ ಒತ್ತಿರುತ್ತಾರೆ. ‘ಟ್ರಿಪಲ್ ಮಿಲ್ಡ್’ ಅಂದರೆ ಇದೇ. ಲಂಡನ್ನಿನ ಹಳೇ ಅಂಗಡಿಗಳು ಇದಕ್ಕೆ ಹೆಸರುವಾಸಿ: 1790ರ ಡಿ.ಆರ್. ಹ್ಯಾರಿಸ್, 1805ರ ಟ್ರೂಫಿಟ್ ಅಂಡ್ ಹಿಲ್, 1854ರ ಟೇಲರ್ ಆಫ್ ಓಲ್ಡ್ ಬಾಂಡ್ ಸ್ಟ್ರೀಟ್, 1875ರ ಟ್ರಂಪರ್. ಇವರ ‘ಸ್ಯಾಂಡಲ್‌ವುಡ್’ ಸೋಪು ಕೊಂಡು ಮೈಸೂರು ಗಂಧದ ವಾಸನೆ ಬರಲಿಲ್ಲ ಎಂದು ಬೇಜಾರಾಗಬೇಡಿ. ಅದು ಸೆಂಟಿನ ಬಾಟಲಿಯ ಗಂಧ, ದೇವರ ಕೋಣೆಯದ್ದಲ್ಲ. ನನ್ನ ಕೇಳಿದರೆ ಬಾದಾಮಿ ಪರಿಮಳದ್ದು ತಗೊಳ್ಳಿ.

ಕೊಳ್ಳುವ ಮೊದಲು ಲೇಬಲ್ ಓದಿ. ಪೊಟ್ಯಾಸಿಯಂ ಸ್ಟಿಯರೇಟ್ ಅಥವಾ ಸ್ಟಿಯರಿಕ್ ಆಸಿಡ್ ಪಟ್ಟಿಯ ಮೊದಲ ಸಾಲಿನಲ್ಲೇ ಇರಬೇಕು. ನೊರೆ ಸಣ್ಣಗೆ, ಕೆನೆಯಾಗಿ ಬಂದು ಮುಖದ ಮೇಲೆ ನಿಲ್ಲುವುದು ಅದರಿಂದಲೇ. ಸ್ನಾನದ ಸೋಪು ಸಾಮಾನ್ಯವಾಗಿ ಸೋಡಿಯಂನದ್ದು. ದೊಡ್ಡ ಗುಳ್ಳೆ ಬಂದು ರೇಜರ್ ಎತ್ತುವಷ್ಟರಲ್ಲಿ ಇಳಿದುಹೋಗುತ್ತದೆ. ಆನ್‌ಲೈನಿನಲ್ಲಿ ಚೆಂದದ ಮರದ ಬಟ್ಟಲಿಗೆ ಗಾಜಿನಂಥ ಗ್ಲಿಸರಿನ್ ಸೋಪು ಕರಗಿಸಿ ಸುರಿದು, ಕೂದಲು ಉದುರುವ ಬ್ರಷ್ಷೊಂದನ್ನು ಜೊತೆಗಿಟ್ಟು ‘ಗಿಫ್ಟ್ ಸೆಟ್’ ಅಂತ ಮಾರುತ್ತಾರಲ್ಲ, ಅದರಲ್ಲಿ ಬಟ್ಟಲಿಗೆ ಮಾತ್ರ ಬೆಲೆ.

1. ಸ್ನಾನ ಮುಗಿಸಿ ಶೇವ್ ಮಾಡಿ. ಗಡ್ಡ ಚೆನ್ನಾಗಿ ನೆನೆದಿರಬೇಕು.

2. ಹಂದಿ ಕೂದಲಿನ ಬ್ರಷ್ಷಾದರೆ ಐದು ನಿಮಿಷ ಬಿಸಿನೀರಿನಲ್ಲಿ ನೆನೆಸಿ. ಸಿಂಥೆಟಿಕ್ ಬ್ರಷ್ಷಿಗೆ ನೆನೆಸುವ ರಗಳೆಯೇ ಇಲ್ಲ, ಒದ್ದೆ ಮಾಡಿದರೆ ಸಾಕು. ಹೊಸಬರು ಅದನ್ನೇ ಕೊಳ್ಳಲಿ.

3. ಈಗ ನೀರಿನ ವಿಷಯ. ಬೋರ್‌ವೆಲ್ ನೀರಿನ ಮನೆಗಳಲ್ಲಿ ಎಷ್ಟು ದುಬಾರಿ ಸೋಪಾದರೂ ಸೋಲುತ್ತದೆ. ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸೋಪಿನ ಜೊತೆ ಸೇರಿ ಕರಗದ ಗಸಿಯಾಗುತ್ತದೆ. ಬಕೆಟ್ಟಿನ ಅಂಚಿಗೆ ಅಂಟುವ ಬೂದಿ ಬಣ್ಣದ ಜಿಡ್ಡು ಗೊತ್ತಲ್ವಾ, ಅದೇ. ಹಾಗಾಗಿ ನೊರೆಗೆ ಮಾತ್ರ ಅರ್ಧ ಲೋಟ ಆರ್‌ಓ ನೀರು ಬಿಸಿ ಮಾಡಿಕೊಳ್ಳಿ, ಮುಖ ತೊಳೆಯಲು ನಲ್ಲಿ ನೀರೇ ಸಾಕು. ಆರ್‌ಓ ಯಂತ್ರ ಹೊರಗೆ ಬಿಡುತ್ತದಲ್ಲ, ಆ ವೇಸ್ಟ್ ನೀರು ಬೇಡ. ಅದರಲ್ಲಿ ಉಪ್ಪಿನಂಶ ಇನ್ನೂ ಜಾಸ್ತಿ.

4. ಎಲ್ಲರೂ ಎಡವುವುದು ಇಲ್ಲಿ. ಬ್ರಷ್ಷನ್ನು ನೀರಿನಿಂದ ಎತ್ತಿ ಜೋರಾಗಿ ಕೊಡವಿ. ಹನಿ ತೊಟ್ಟಿಕ್ಕಬಾರದು, ತೇವ ಇದ್ದರೆ ಸಾಕು. ಬಿಲ್ಲೆಯ ಮೇಲೆ ಏಳೆಂಟು ಹನಿ ಬಿಸಿನೀರು ಹಾಕಿ, ಎರಡು ನಿಮಿಷ ಬಿಟ್ಟು, ಚೆಲ್ಲಿ. ಬಟ್ಟಲಿಗೆ ನೀರು ತುಂಬಿಸಬೇಡಿ! ಇನ್ನು ಬ್ರಷ್ಷಿನ ತುದಿಯನ್ನು ಬಿಲ್ಲೆಗೆ ಲಘುವಾಗಿ ಒತ್ತಿ ಗುಂಡಗೆ ತಿರುಗಿಸಿ. ಹತ್ತು ಸೆಕೆಂಡಿಗೆ ದೊಡ್ಡ ಗುಳ್ಳೆಗಳ ತೆಳು ನೊರೆ ಏಳುತ್ತದೆ. ‘ಬಂತು’ ಅಂತ ಬಹಳ ಜನ ನಿಲ್ಲಿಸುವುದು ಆಗಲೇ. ನಿಲ್ಲಿಸಬೇಡಿ. ಗಡಿಯಾರ ನೋಡಿಕೊಂಡು ಪೂರ್ತಿ ಒಂದು ನಿಮಿಷ ತಿರುಗಿಸಿ. ಅರ್ಧ ದಾಟಿದ ಮೇಲೆ ಗುಳ್ಳೆ ಅಡಗಿ, ಕೂದಲಿನ ನಡುವೆ ಅಂಟಂಟಾದ ಪೇಸ್ಟು ಕಟ್ಟುತ್ತದೆ, ಬ್ರಷ್ಷು ತಿರುಗಿಸಲು ಸ್ವಲ್ಪ ಬಿಗಿ ಅನ್ನಿಸುತ್ತದೆ. ಬ್ರಷ್ಷನ್ನು ತಲೆಕೆಳಗೆ ಹಿಡಿದರೂ ಆ ಪೇಸ್ಟು ಬೀಳಬಾರದು. ಅಷ್ಟು ಸೋಪು ಬೇಕು.

5. ಬಟ್ಟಲನ್ನು ಪಕ್ಕಕ್ಕಿಡಿ. ಅದು ಸೋಪಿನ ಡಬ್ಬಿ, ನೊರೆ ಕಲಸುವ ಪಾತ್ರೆಯಲ್ಲ. ನೊರೆಯನ್ನು ಮುಖದ ಮೇಲೇ ಎಬ್ಬಿಸುವುದು ವಾಸಿ. ಪೇಸ್ಟು ಹಚ್ಚಿ, ಬ್ರಷ್ಷಿನ ತುದಿಯನ್ನು ಮಾತ್ರ ನೀರಿಗೆ ತಾಗಿಸಿ, ಮತ್ತೆ ಉಜ್ಜಿ. ಇನ್ನೊಮ್ಮೆ ತಾಗಿಸಿ, ಉಜ್ಜಿ. ಗಟ್ಟಿ ಮೊಸರಿನ ಹದಕ್ಕೆ ಬಂದು ಮೇಲೆ ಹೊಳಪು ಕಂಡರೆ ಆಯಿತು. ಮುಖದ ಮೇಲೆ ಒಣಗಿ ಬಿಗಿಯುತ್ತಿದ್ದರೆ ನೀರು ಸಾಲದು. ಕತ್ತಿನ ಕಡೆ ಇಳಿದು ಹರಿಯುತ್ತಿದ್ದರೆ ಜಾಸ್ತಿಯಾಗಿದೆ. ಆಗ ಬ್ರಷ್ಷನ್ನು ಇನ್ನೊಮ್ಮೆ ಬಿಲ್ಲೆಗೆ ಉಜ್ಜಿ ಸೋಪು ಸೇರಿಸಿ.

6. ಕೂದಲು ಬೆಳೆದ ದಿಕ್ಕಿಗೇ ರೇಜರ್ ಎಳೆಯಿರಿ. ತೊಳೆಯಿರಿ. ಪಟಿಕದ ಕಲ್ಲು ಸವರಿ.

7. ಬಟ್ಟಲು ಹಾಳಾಗುವುದು ಶೇವ್ ಮುಗಿದ ಮೇಲೆ. ಸೋಪಿನ ಮೇಲೆ ಉಳಿದ ನೊರೆ ತೊಳೆದು, ಬಟ್ಟಲನ್ನು ಬಾಗಿಸಿ ನೀರು ಬಸಿದು, ಅಂಚನ್ನು ಬಟ್ಟೆಯಲ್ಲಿ ಒರೆಸಿ. ಮುಚ್ಚಳ ಹಾಕದೆ ಬಾತ್‌ರೂಮಿನ ಹೊರಗೆ ಒಣಗಿಸಿ. ಬಿಲ್ಲೆ ಮತ್ತು ಮರದ ನಡುವಿನ ಸಂದಿಗೆ ನೀರು ಇಳಿದು ನಿಂತರೆ ಮೊದಲು ವಾರ್ನಿಶ್ ಏಳುತ್ತದೆ, ಆಮೇಲೆ ಕಪ್ಪು ಬೂಸ್ಟು, ಕೊನೆಗೆ ಸೀಳು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಬಿಲ್ಲೆಯನ್ನು ಸ್ಟೀಲ್ ಡಬ್ಬಿಗೆ ಹಾಕಿ, ಮರದ ಬಟ್ಟಲನ್ನು ಎತ್ತಿಡುವುದೇ ಒಳ್ಳೆಯದು. ಮರ ಉಬ್ಬಿದರೆ ಮುಚ್ಚಳ ಕಚ್ಚಿಕೊಳ್ಳುತ್ತದೆ. ಚನ್ನಪಟ್ಟಣದಲ್ಲಿ ಇಂಥ ಬಟ್ಟಲು ಕಡೆಸಿಕೊಳ್ಳಬಹುದಲ್ಲ ಎಂದು ಕೇಳುವವರಿದ್ದಾರೆ. ನೋಡಲು ಸೊಗಸು, ಆದರೆ ಅರಗಿನ ಬಣ್ಣಕ್ಕೆ ಬಿಸಿನೀರು ಆಗಿಬರುವುದಿಲ್ಲ.

ಸೋಪು ಮುಗಿದರೆ ಬರೀ ಬಿಲ್ಲೆ ಸಿಗುತ್ತದೆ, ಬಟ್ಟಲಿನ ಸಮೇತ ಕೊಳ್ಳುವುದಕ್ಕಿಂತ ಅಗ್ಗ. ಆದರೆ ಎಲ್ಲ ಕಂಪನಿಗಳ ಬಿಲ್ಲೆಯೂ ಒಂದೇ ಅಳತೆಯದ್ದಲ್ಲ, ಅಳೆದು ನೋಡಿ ತರಿಸಿ. ಬಟ್ಟಲಿನಲ್ಲಿ ಬಿಲ್ಲೆ ಗಿರಗಿರ ತಿರುಗುತ್ತಿದ್ದರೆ ಅದರ ಅಡಿಗೆ ನಾಲ್ಕು ಹನಿ ನೀರು ಸವರಿ, ಒತ್ತಿ, ರಾತ್ರಿಯಿಡೀ ಬಿಡಿ. ಮೈಕ್ರೊವೇವಿನಲ್ಲಿ ಕರಗಿಸಿ ಸುರಿಯುವ ಅಡ್ಡದಾರಿ ಬೇಡ. ಮೂರು ಸಲ ಅರೆದ ಸೋಪು ಕರಗುವ ಬದಲು ಉಬ್ಬಿ, ಸೀದು ಹೋಗುತ್ತದೆ.