ಉದ್ದ ಸೀಟು ಇದ್ದ ಮಾತ್ರಕ್ಕೆ ಎಟಿವಿಯಲ್ಲಿ ಡಬಲ್ ಇಲ್ಲ

ಉಡುಪಿ ಕಡೆಯ ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಜಾಗದಲ್ಲಿ ಎಟಿವಿ, ಅಂದರೆ ಕಚ್ಚಾ ನೆಲದಲ್ಲಿ ಓಡಿಸುವ ನಾಲ್ಕು ದಪ್ಪ ಚಕ್ರದ ಗಾಡಿಯ ಟ್ರ್ಯಾಕ್ ನೋಡಿಕೊಳ್ಳುವ ನಮಗೆ ದಿನಕ್ಕೆ ಹತ್ತು ಸಲವಾದರೂ ಕೇಳಿಬರುವ ಮಾತು: "ಸೀಟು ಇಷ್ಟುದ್ದ ಉಂಟಲ್ಲ, ಡಬಲ್ ಕೊಡಿ ಮಾರಾಯ್ರೆ." ಅಂದರೆ ಒಂದೇ ಗಾಡಿಯಲ್ಲಿ ಇಬ್ಬರು.

ಸೀಟು ಉದ್ದ ಇರುವುದು ಓಡಿಸುವವನಿಗೇ. ಏರು ಬಂದಾಗ ಅವನು ಮುಂದಕ್ಕೆ ಜರುಗಬೇಕು, ಇಳಿಜಾರಿನಲ್ಲಿ ಹಿಂದಕ್ಕೆ ಸರಿಯಬೇಕು, ತಿರುವಿನಲ್ಲಿ ಒಳಬದಿಗೆ ವಾಲಬೇಕು. ಎಟಿವಿ ಅರ್ಧ ಹ್ಯಾಂಡಲ್‌ಗೆ ತಿರುಗಿದರೆ ಇನ್ನರ್ಧ ತಿರುಗುವುದು ಮೈಭಾರಕ್ಕೆ. ಬೆನ್ನಿಗೆ ಒಬ್ಬರು ಅಂಟಿ ಕೂತರೆ ಈ ಓಡಾಟ ನಿಂತುಹೋಗುತ್ತದೆ. ಸಾಲದ್ದಕ್ಕೆ ಅವರ ಭಾರ ಹಿಂದಿನ ಆಕ್ಸೆಲ್ (ಎರಡು ಚಕ್ರ ಜೋಡಿಸುವ ಅಚ್ಚು) ಮೇಲೋ ಅದರಾಚೆಗೋ ಬೀಳುತ್ತದೆ. ಮುಂದಿನ ಚಕ್ರ ಹಗುರಾಗಿ ಹ್ಯಾಂಡಲ್ ಮಾತು ಕೇಳುವುದಿಲ್ಲ. ಏರಿನಲ್ಲಿ ಮೂತಿ ಎದ್ದು ಗಾಡಿ ಹಿಮ್ಮುಖ ಮಗುಚುವುದೂ ಇದರಿಂದಲೇ.

ಚೈನ್ ಇರುವ ಸಣ್ಣ 110 ಸಿಸಿ ಗಾಡಿಗಳಲ್ಲಿ ಇನ್ನೊಂದು ತೊಡಕು. ಅವುಗಳಿಗೆ ತಿರುವಿನಲ್ಲಿ ಎರಡು ಚಕ್ರ ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ, ಹಿಂದಿನ ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುತ್ತವೆ. ತಿರುವು ತೆಗೆದುಕೊಳ್ಳಬೇಕಾದರೆ ಒಳಬದಿಯ ಚಕ್ರ ಸ್ವಲ್ಪ ಜಾರಲೇಬೇಕು. ಅದಕ್ಕೇ ಹೊರಬದಿಯ ಫುಟ್‌ರೆಸ್ಟ್ ಮೇಲೆ ಭಾರ ಹಾಕಿ ಎಂದು ಹೇಳಿಕೊಡುವುದು. ಹಿಂದೆ ಒಬ್ಬರು ಕೂತರೆ ಒಳಬದಿಯ ಚಕ್ರ ನೆಲ ಕಚ್ಚಿ ಹಿಡಿಯುತ್ತದೆ. ನೀವು ಎಡಕ್ಕೆ ತಿರುಗಿಸಿದರೂ ಗಾಡಿ ನೇರ ಬೇಲಿಗೆ ಹೋಗುತ್ತದೆ.

ಇಬ್ಬರಿಗೆಂದೇ ಮಾಡಿದ ಗಾಡಿ ಬೇರೆ. ಕ್ಯಾನ್-ಆಮ್ ಕಂಪನಿಯ ಔಟ್‌ಲ್ಯಾಂಡರ್‌ನ ಹಲವು ಮಾದರಿಗಳಲ್ಲಿ ಮುಂದಿನ ಆಕ್ಸೆಲ್‌ನಿಂದ ಹಿಂದಿನದಕ್ಕೆ 51 ಇಂಚು, ಅದರದ್ದೇ ಇಬ್ಬರ ಮಾದರಿ ಮ್ಯಾಕ್ಸ್‌ನಲ್ಲಿ 59 ಇಂಚು. ಆ ಎಂಟು ಇಂಚಿನಿಂದಾಗಿ ಹಿಂದಿನವರ ಭಾರ ಚಕ್ರಗಳ ನಡುವೆ ಉಳಿಯುತ್ತದೆ. ಜೊತೆಗೆ ಬೆನ್ನಿಗೆ ಆಸರೆ, ಎರಡೂ ಬದಿ ಹಿಡಿಕೆ, ಹಿಂದಿನವರಿಗೇ ಬೇರೆ ಫುಟ್‌ರೆಸ್ಟ್ ಇರುತ್ತವೆ. ಒಬ್ಬರ ಗಾಡಿಯ ಕ್ಯಾರಿಯರ್‌ಗೆ ಕುಶನ್ ಬಿಗಿದು ಹಿಡಿಕೆ ವೆಲ್ಡ್ ಮಾಡಿಸಿದರೆ ಆ ಎಂಟು ಇಂಚು ಬರುವುದಿಲ್ಲ.

ಈ ಮಾದರಿಗಳಿಗೆ ಕಂಪನಿ ಅಂಟಿಸಿದ ಎಚ್ಚರಿಕೆಯ ಸ್ಟಿಕ್ಕರ್‌ನಲ್ಲಿ ಸಾಮಾನ್ಯವಾಗಿ ಓಡಿಸುವವರಿಗೆ ಕನಿಷ್ಠ 16 ವರ್ಷ, ಹಿಂದೆ ಕೂರುವವರಿಗೆ 12 ಎಂದಿರುತ್ತದೆ. ನಾವು ವಯಸ್ಸಿಗಿಂತ ಮೊದಲು ಕಾಲು ನೋಡುತ್ತೇವೆ. ಬೆನ್ನು ಆಸರೆಗೆ ತಾಗಿಸಿ ಕೂತಾಗ ಎರಡೂ ಪಾದ ಫುಟ್‌ರೆಸ್ಟ್ ಮೇಲೆ ಪೂರ್ತಿ ಊರಬೇಕು, ಮಂಡಿ ಮಡಿಚಿರಬೇಕು. ತುದಿಗಾಲು ಮಾತ್ರ ತಾಗುವುದಾದರೆ ಹದಿನಾಲ್ಕಾದರೂ ಇಲ್ಲ. ಜೋತುಬಿದ್ದ ಕಾಲು ಹಿಂದಿನ ಚಕ್ರಕ್ಕೆ ಸಿಗುತ್ತದೆ, ಇಲ್ಲವೇ ಸೈಲೆನ್ಸರ್‌ಗೆ ತಾಗಿ ಸುಡುತ್ತದೆ.

ಮಗುವನ್ನು ಮುಂದೆ ಕೂರಿಸಿಕೊಳ್ಳುತ್ತೇನೆ ಎನ್ನುವವರಿಗಂತೂ ಖಂಡಿತ ಇಲ್ಲ. ಎಟಿವಿಯ ಆಕ್ಸಿಲರೇಟರ್ ಸ್ಕೂಟರ್‌ನಂತೆ ತಿರುಚುವುದಲ್ಲ, ಬಲ ಹೆಬ್ಬೆರಳಿನಲ್ಲಿ ಒತ್ತುವ ಸಣ್ಣ ಲಿವರ್. ಗಾಡಿ ಕುಲುಕಿದಾಗ ಮಗು ಹ್ಯಾಂಡಲ್ ಹಿಡಿಯುತ್ತದೆ, ಹಿಡಿದ ಕೈ ಲಿವರ್ ಒತ್ತುತ್ತದೆ.

ಭಾರದ ಮಿತಿ ಸ್ಟಿಕ್ಕರ್‌ನಲ್ಲೇ ಇದೆ, ಮತ್ತು ಅದು ಎಲ್ಲ ಸೇರಿ. 82 ಕಿಲೋ, 68 ಕಿಲೋದ ಇಬ್ಬರೆಂದರೆ ಅಲ್ಲಿಗೇ 150. ಹೆಲ್ಮೆಟ್, ಬ್ಯಾಗು, ಆಮೇಲೆ ಹಾಕಿಸಿದ ಬಂಪರ್ ಕೂಡ ಲೆಕ್ಕಕ್ಕೆ. ಕೌಂಟರ್ ಪಕ್ಕ ತೂಕದ ಯಂತ್ರ ಇಟ್ಟರೆ ವಾದ ಅರ್ಧ ಕಡಿಮೆಯಾಗುತ್ತದೆ. ಹಿಂದಿನವರು ಓಡಿಸುವವರಿಗಿಂತ ಭಾರ ಇದ್ದರೆ ನಾವು ಬಿಡುವುದಿಲ್ಲ. ಇದು ಕಂಪನಿಯದ್ದಲ್ಲ, ನಮ್ಮದೇ ನಿಯಮ.

ಟಯರ್ ಗಾಳಿಯಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಎಟಿವಿಗೆ ಬೇಕಾದದ್ದು ಸುಮಾರು 3ರಿಂದ 7 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಅಷ್ಟೆ. ಪೆಟ್ರೋಲ್ ಬಂಕ್‌ನ ಗೇಜ್‌ನಲ್ಲಿ ಇಷ್ಟು ಕಡಿಮೆ ಗಾಳಿ ಸರಿಯಾಗಿ ತಿಳಿಯುವುದಿಲ್ಲ, 10 ಪಿಎಸ್‌ಐವರೆಗಿನ ಸಣ್ಣ ಗೇಜ್ ಬೇಕು. 5 ಇರಬೇಕಾದಲ್ಲಿ 4 ಇದ್ದರೆ ಐದರಲ್ಲೊಂದು ಪಾಲು ಕಡಿಮೆ. ಎಡಬಲ ಸಮ ಇಲ್ಲದಿದ್ದರೆ ಗಾಡಿ ಒಂದು ಬದಿಗೆ ಎಳೆಯುತ್ತದೆ, ಇಬ್ಬರ ಭಾರದಲ್ಲಿ ಆ ಎಳೆತ ಇನ್ನೂ ಜೋರು. ಬೆಳಿಗ್ಗೆ ಟಯರ್ ತಣ್ಣಗಿದ್ದಾಗಲೇ ನಾಲ್ಕನ್ನೂ ನೋಡಬೇಕು.

ಹತ್ತುವ ಮೊದಲು ಇಬ್ಬರಿಗೂ ಐಎಸ್‌ಐ ಹೆಲ್ಮೆಟ್, ಪಾದ ಮುಚ್ಚುವ ಶೂ. ದುಪಟ್ಟಾ, ಸೆರಗು, ಮುಂಡು ಹಿಂದಿನ ಚಕ್ರ ಅಥವಾ ಆಕ್ಸೆಲ್‌ಗೆ ಸುತ್ತಿಕೊಳ್ಳುತ್ತವೆ, ಹಾಗಾಗಿ ದುಪಟ್ಟಾ ತೆಗೆದಿಡಿಸುತ್ತೇವೆ, ಸೀರೆ, ಮುಂಡಿನವರಿಗೆ ಸವಾರಿ ಇಲ್ಲ. ಓಡಿಸುವವರು ಒಬ್ಬರೇ ಐದು ಸುತ್ತು ಹಾಕಿ ತೋರಿಸಬೇಕು. ಹಿಂದಿನವರು ಸೊಂಟ ಹಿಡಿಯಬಾರದು, ಹಿಡಿಕೆಯನ್ನೇ ಹಿಡಿಯಬೇಕು. ಭುಜಕ್ಕೆ ಒಂದು ತಟ್ಟಿದರೆ ನಿಧಾನ, ಎರಡು ತಟ್ಟಿದರೆ ನಿಲ್ಲಿಸಿ.

ಕಡಿದಾದ ಏರಿಗೆ ಡಬಲ್‌ನಲ್ಲಿ ಹೋಗುವುದೇ ಇಲ್ಲ. ಸಣ್ಣ ಏರಿನಲ್ಲೇ ಎಂಜಿನ್ ನಿಂತರೆ ಇಬ್ಬರೂ ಮುಂದಕ್ಕೆ ಬಾಗಿ ಬ್ರೇಕ್ ಹಿಡಿಯಬೇಕು. ಗಾಡಿ ಹಿಂದಕ್ಕೆ ಜಾರುತ್ತಿದ್ದರೆ ಮೊದಲು ಮುಂದಿನ ಬ್ರೇಕ್. ಹಿಂದಿನದನ್ನು ಮಾತ್ರ ಒತ್ತಿದರೆ ಕೆಳಬದಿಯ ಚಕ್ರ ನಿಂತು ಮೂತಿ ಮೇಲೇಳುತ್ತದೆ. ನಿಂತ ಮೇಲೆ ಪಾರ್ಕಿಂಗ್ ಬ್ರೇಕ್ ಹಾಕಿ ಮೊದಲು ಹಿಂದಿನವರು ಪಕ್ಕಕ್ಕೆ ಇಳಿಯಲಿ, ಇಳಿಜಾರಿನಲ್ಲಿ ಗಾಡಿಯ ಕೆಳಬದಿಗೆ ಯಾರೂ ನಿಲ್ಲಬಾರದು.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಲ್ಲಿ ಡಬಲ್ ಬಂದ್. ಹಾವಸೆ ಹಿಡಿದ ಮುರಕಲ್ಲಿನ ಮೇಲೆ ನಡೆಯುವುದೇ ಕಷ್ಟ.

ಟ್ರ್ಯಾಕಿನಿಂದ ಹೊರಗೆ ಹೋದರೆ ಕಾನೂನು ಬೇರೆ. ನೋಂದಣಿ ಇಲ್ಲದ ಎಟಿವಿಯನ್ನು ಸಾರ್ವಜನಿಕ ರಸ್ತೆಗೆ ತರುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಅಡ್ಡ ಬರುತ್ತದೆ. ಪೊಲಾರಿಸ್ ಸ್ಪೋರ್ಟ್ಸ್‌ಮನ್ 570ರ ಒಂದು ಮಾದರಿ ಇಲ್ಲಿ ಟ್ರ್ಯಾಕ್ಟರ್ ಎಂದು ನೋಂದಣಿಯಾಗುತ್ತದೆ. ಆದರೆ ರಸ್ತೆಯಲ್ಲಿ ಟ್ರ್ಯಾಕ್ಟರ್ ಮೇಲೆ ಚಾಲಕನ ಹೊರತು ಯಾರನ್ನೂ ಕೂರಿಸುವಂತಿಲ್ಲ, ಅಂದರೆ ಅಲ್ಲೂ ಡಬಲ್ ಇಲ್ಲ. ಸ್ವಚ್ಛತೆ, ಸುರಕ್ಷತೆಗೆ ಕೊಡುವ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಪಡುಬಿದ್ರಿಯ ಬ್ಲೂ ಫ್ಲ್ಯಾಗ್ ಬೀಚ್‌ನಲ್ಲಿ ಅನುಮತಿ ಇಲ್ಲದ ವಾಹನ ಮರಳಿಗೇ ಇಳಿಯಬಾರದು.

ಅನುಮತಿ ಇರುವ ಕಡೆ ಮರಳಿನಲ್ಲಿ ಓಡಿಸಿದ ಗಾಡಿಯನ್ನು ಅದೇ ಸಂಜೆ ಸಿಹಿನೀರಿನಲ್ಲಿ ತೊಳೆಯಬೇಕು, ಪಾರ್ಕಿಂಗ್ ಬ್ರೇಕ್ ಕೇಬಲ್‌ಗೆ ಎಣ್ಣೆ ಬಿಡಬೇಕು. ಉಪ್ಪಿಗೆ ಹಿಡಿದುಕೊಂಡ ಕೇಬಲ್ ಮಟ್ಟದ ನೆಲದಲ್ಲಿ ಗೊತ್ತಾಗುವುದಿಲ್ಲ. ಅದಕ್ಕೆ ವಾರಕ್ಕೊಮ್ಮೆ ಸಣ್ಣ ಏರಿನಲ್ಲಿ, ಮೇಲೆ ಯಾರನ್ನೂ ಕೂರಿಸದೆ, ಚಕ್ರಕ್ಕೆ ಕಲ್ಲು ಕೊಡಲು ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿಕೊಂಡು ಬ್ರೇಕ್ ಎಳೆದು ನೋಡುತ್ತೇವೆ.