ಕರಡಿ ವೇಷದ ತುಪ್ಪಳ ಒಗೆಯೋರಿಗೆ ಒಂದು ಮಾತು
ಮಗನ ಸ್ಕೂಲ್ ಡೇಗೆ ಹೊಲಿಸಿದ ಕರಡಿ ವೇಷವನ್ನು ಹೋದ ವರ್ಷ ನಾನೇ ಕೆಡಿಸಿದೆ. ಬೇಗ ಒಣಗಲಿ ಅಂತ ಕಿವಿಯ ಹತ್ತಿರ ಬಿಸಿ ಹೇರ್ ಡ್ರೈಯರ್ ಹಿಡಿದೆ. ಕೂದಲು ಸುರುಟಿಕೊಂಡು ತೆಂಗಿನ ನಾರಿನ ಹಾಗಾಯಿತು. ಈ ತುಪ್ಪಳ ಉಣ್ಣೆಯಲ್ಲ, ಅಕ್ರಿಲಿಕ್ ಅಥವಾ ಪಾಲಿಯೆಸ್ಟರ್. ಬಿಸಿ ತಾಗಿದರೆ ಕರಗುತ್ತದೆ, ಮತ್ತೆ ಸರಿಹೋಗಲ್ಲ. ಬಿಸಿನೀರು, ಇಸ್ತ್ರಿ ಎರಡೂ ಬೇಡ.

ಒಗೆಯೋ ಮುಂಚೆ ಒಣಗಿದ್ದಾಗಲೇ ಸಿಕ್ಕು ಬಿಡಿಸಿ. ನಾಯಿಗೆ ಬಾಚುವ ತಂತಿ ಬ್ರಷ್ ಇದಕ್ಕೆ ಸರಿಯಾಗಿರುತ್ತದೆ. ಆಮೇಲೆ ಟಬ್ಬಿನಲ್ಲಿ ತಣ್ಣೀರು, ಸ್ವಲ್ಪವೇ ಲಿಕ್ವಿಡ್ ಸೋಪು. ಉಜ್ಜಬೇಡಿ, ಹಿಂಡಬೇಡಿ, ಸುಮ್ನೆ ಒತ್ತಿ. ಫ್ಯಾಬ್ರಿಕ್ ಕಂಡಿಷನರ್ ಹಾಕಿದರೆ ಕೂದಲಿಗೆ ಜಿಡ್ಡು ಅಂಟುತ್ತದೆ. ನಮ್ಮ ಏರಿಯಾದಲ್ಲಿ ಬೋರ್‌ವೆಲ್ ನೀರು, ಗಡಸು. ಅದರಲ್ಲಿ ಜಾಲಾಡಿಸಿದರೆ ತುಪ್ಪಳ ಒರಟಾಗುತ್ತದೆ. ಕೊನೆಯ ಸಲಕ್ಕೆ ನಲ್ಲಿಯ ಕಾವೇರಿ ನೀರು ಬಳಸಿ, ಅದು ಬರದ ಮನೆಯವರು ಮಳೆನೀರು ಹಿಡಿದಿಟ್ಟುಕೊಳ್ಳಿ.

ತಲೆಯ ಭಾಗವನ್ನು ಮುಳುಗಿಸಲೇಬೇಡಿ. ಒಳಗಿನ ಸ್ಪಂಜು ನೀರು ಕುಡಿದರೆ ಬೇಗ ಒಣಗಲ್ಲ, ಜುಲೈ ಮಳೆಯಲ್ಲಂತೂ ಬೂಷ್ಟು ಗ್ಯಾರಂಟಿ. ಹೊರಗೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಒಳಗೆ ಐಸೊಪ್ರೊಪೈಲ್ ಆಲ್ಕೋಹಾಲನ್ನು (ಬೇಗ ಬೆಂಕಿ ಹತ್ತುವ ಸ್ಪಿರಿಟ್) ತೆಳುವಾಗಿ ಸ್ಪ್ರೇ ಮಾಡಿ, ಬೆವರಿನ ವಾಸನೆ ಹೋಗುತ್ತದೆ. ಒಲೆ, ದೀಪ ಹತ್ತಿರ ಇರಬಾರದು, ಕಿಟಕಿ ತೆಗೆದಿರಲಿ. ಪೂರ್ತಿ ಆರುವವರೆಗೆ ಮಗುವಿಗೆ ಹಾಕಬೇಡಿ.

ಒಣಗಿಸೋದು ನೆರಳಲ್ಲಿ, ಫ್ಯಾನ್ ಕೆಳಗೆ. ಅರ್ಧ ಒಣಗಿದಾಗ ಇನ್ನೊಮ್ಮೆ ಬಾಚಿ. ಪ್ಲಾಸ್ಟಿಕ್ ಕವರ್ ಬೇಡ, ಹಳೆ ಕಾಟನ್ ಪಂಚೆ ಸುತ್ತಿಡಿ. ನಮ್ಮ ಕರಡಿ ಈಗ ಬೀರು ಮೇಲೆ ಪಂಚೆ ಹೊದ್ದು ಕೂತಿದೆ, ಒಂದು ಕಿವಿ ಮಾತ್ರ ಬೇರೆ ಬಣ್ಣ.