ಹಳೇ ವೆಬ್ಲಿ ರಿವಾಲ್ವರ್‌ಗೆ ಜಾಲಿ ಕಟ್ಟಿಗಿ ಹಿಡಿಕಿ, ನಾ ಮಾಡಿದ್ದು ಹೀಂಗ

ಹಳೇ ವೆಬ್ಲಿ ಇಟ್ಕೊಂಡವ್ರಿಗೆಲ್ಲಾ ಈ ತ್ರಾಸು ಗೊತ್ತಿರ್ತೈತಿ, ಕಬ್ಬಿಣ ಇನ್ನೂ ಗಟ್ಟಿಮುಟ್ಟ ಇರ್ತೈತಿ ಆದ್ರ ಹಿಡಿಕಿ ಕೈಕೊಟ್ಟಿರ್ತಾವು. ನಂದು ಮಾರ್ಕ್ 4, .32 ಬೋರ್, ಬರ್ಮಿಂಗ್‌ಹ್ಯಾಮ್‌ನ್ಯಾಗ ತಯಾರಾದದ್ದು, ಅಪ್ಪಾರ ಲೈಸೆನ್ಸ್ ಮ್ಯಾಲಿತ್ತು ಈಗ ನನ್ನ ಹೆಸರಿಗೆ ಆಗೇತಿ. ಅದರ ಮೂಲ ಕರೀ ಹಿಡಿಕಿ ನೋಡಿದ್ರ ಪ್ಲಾಸ್ಟಿಕ್ ಅನಸ್ತೈತಿ, ಆದ್ರ ಅದು ವಲ್ಕನೈಟ್, ಅಂದ್ರ ರಬ್ಬರಿಗೆ ಗಂಧಕ ಬೆರೆಸಿ ಕಾಸಿ ಗಟ್ಟಿ ಮಾಡಿದ್ದು. ವರ್ಷಾನುಗಟ್ಲೆ ಬೆಳಕು ಬಿದ್ದು ಕಂದು ಬಣ್ಣಕ್ಕ ತಿರಗ್ತೈತಿ, ಬಿರುಸಾಗ್ತೈತಿ, ಸ್ಕ್ರೂ ತೂತಿನ ಸುತ್ತ ಸೀಳಿಕಿ ಬಿಡ್ತೈತಿ. ನಂದೂ ಹಂಗ ಆಗಿತ್ತು, ಹಿಡಿಕಿ ಅಂದ್ರ ಬಂದೂಕಿನ ಕಬ್ಬಿಣದ ಫ್ರೇಮಿನ ಎರಡೂ ಮಗ್ಗಲ ಕೂಡೋ ಎರಡು ಪ್ಲೇಟ್, ಅದರಾಗ ಎಡಗಡೆ ಪ್ಲೇಟಿನ ಕೆಳಗಿನ ಮೂಲಿ ಉದುರಿತ್ತು. ಹೊರದೇಶದಿಂದ ತರಸೋದಂದ್ರ ಹಿಡಿಕಿಕಿಂತ ಕಳಿಸೋ ಖರ್ಚು ಮತ್ತ ಕಸ್ಟಮ್ಸ್‌ನ ಜಾಸ್ತಿ, ಅದಕ್ಕ ಊರಾಗ ಏನ ಸಿಗತೈತಿ ಅದರಾಗ ಮಾಡೋಣ ಅಂತ ಹತ್ತಿದೆ.

ಮೊದಲ ಒಂದು ಮಾತು, ಹಸ್ತಿದಂತದ ಆಸೆ ಯಾರೂ ಇಟ್ಕೋಬ್ಯಾಡ್ರಿ, ಜಿಂಕಿ ಕಡವಿ ಕೋಡಿಂದೂ ಬ್ಯಾಡ, ಅಡವ್ಯಾಗ ತಾನ ಉದುರಿ ಬಿದ್ದಿದ್ದಾದ್ರೂ ಮುಟ್ಟಬ್ಯಾಡ್ರಿ, 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅದು ಸರ್ಕಾರದ ಆಸ್ತಿ. ಲೈಸೆನ್ಸ್ ಇದ್ದವ್ರು ಇಂಥಾ ಕೇಸಿನ್ಯಾಗ ಸಿಕ್ರ ಲೈಸೆನ್ಸೂ ಕಳಕೋಬೇಕಾಗಬಹುದು.

ಇನ್ನ ನಮ್ಮ ಬಾಗಲಕೋಟಿಯೊಳಗ ಹಳೇ ಕಟ್ಟಿಗಿಗೆ ಬರ ಇಲ್ಲ. ಆಲಮಟ್ಟಿ ಹಿನ್ನೀರಿಗೆ ಹಳೇ ಊರು ಮುಳುಗಡೆ ಆದಾಗ ಎಷ್ಟೋ ಮಂದಿ ಮನಿ ಬಿಚ್ಚಿ ತೊಲಿ, ಬಾಗಲಾ, ಕಂಬ ಹೊತ್ಕೊಂಡು ನವನಗರಕ್ಕ ಬಂದಾರ, ಆ ಸಾಗವಾನಿ ಇವತ್ತಿಗೂ ಒಬ್ರಲ್ಲಾ ಒಬ್ರ ಮನ್ಯಾಗ ಬಿದ್ದಿರ್ತೈತಿ. ನಾನೂ ಮೊದಲ ಅದನ್ನ ವಿಚಾರ ಮಾಡಿದ್ನಿ. ಸಾಗವಾನಿ ಕೆತ್ತಾಕ ಹಗುರ, ಹುಳಾ ಹತ್ತಂಗಿಲ್ಲ, ಆದ್ರ ಹಿಡಿಕಿ ಅಂಚು ಎಷ್ಟು ತೆಳ್ಳಗ ಬರ್ತೈತಿ ನೋಡ್ರಿ, ಅಲ್ಲಿ ಅದರ ನಾರು ಸಿಬರು ಏಳ್ತೈತಿ. ನಮ್ಮ ಓಣ್ಯಾಗಿನ ಬಡಿಗ್ಯಾರ ಕಾಕಾಗ ತೋರಿಸಿದ್ರ ಅವ್ರು ಕೈಯಾಗ ಹಿಡದು ನೋಡಿ, "ತಮ್ಮಾ, ಪೆಟ್ಟು ತಿನ್ನೋ ಸಾಮಾನಿಗೆ ಸಾಗವಾನಿ ಯಾಕ, ಜಾಲಿ ಹಾಕೋ, ಚಕ್ಕಡಿ ಗಾಲಿ ಯಾತರದು ಮಾಡ್ತಾರ" ಅಂದ್ರು.

ಆ ಮಾತು ನೂರಕ್ಕ ನೂರು ಖರೆ. ಕರಿಜಾಲಿ ಅಂದ್ರ ಎರಿಹೊಲದ ಬದುವಿನ ಗಿಡಾ, ರಂಟಿ, ಕುಂಟಿ, ಚಕ್ಕಡಿ ಎಲ್ಲಾ ಅದರ ಮ್ಯಾಲ ನಡದಾವು, ಏಟು ತಡಿಯೋ ಕಟ್ಟಿಗಿ. ನಾ ತಗೊಂಡಿದ್ದು ಸೋದರಮಾವನ ಹೊಲದಾಗ ಮೂಲ್ಯಾಗ ಬಿದ್ದಿದ್ದ ಮುರಕ ಕುಂಟಿ ದಿಂಡು. ಬಿಸಲು ಮಳಿ ತಿಂದು ಎಂದೋ ಒಣಗಿದ್ದು, ಇನ್ನ ಮ್ಯಾಲ ಅದು ಹೆಚ್ಚು ಬಾಗೋದೂ ಇಲ್ಲ ಕುಗ್ಗೋದೂ ಇಲ್ಲ. ಹಿಡಿಕಿಗೆ ಕಟ್ಟಿಗಿಯ ಜಾತಿಗಿಂತ ಅದು ಪೂರಾ ಒಣಗಿರೋದು ದೊಡ್ಡದು, ಹಸೀ ಬೀಟಿಕಿಂತ ಹಳೇ ಜಾಲಿ ಸಾವಿರ ಪಾಲು ಮೇಲು. ಹೊರಗಿನ ಬೆಳ್ಳಗಿನ ಭಾಗ ಪೂರಾ ತಗದು ಒಗೀರಿ, ಹುಳಾ ಹತ್ತೋದು ಅಲ್ಲೇ, ಒಳಗಿನ ಕೆಂಪಗಂದು ಚೇಗ ಅಷ್ಟ ಬೇಕು. ಗರಗಸ ಇಡೋಕ್ಕಿಂತ ಮೊದಲ ಅಯಸ್ಕಾಂತ ಆಡಿಸಿ ನೋಡ್ರಿ, ಹೊಲದ ಸಾಮಾನಿನೊಳಗ ಮುರದ ಮೊಳಿ ಉಳದಿರ್ತಾವು.

ಬಿಚ್ಚೋದು. ವೆಬ್ಲಿ ನಡುವ ಮಡಚಿ ತೆರಿಯೋ ರಿವಾಲ್ವರ್, ತೆರದು ಗುಂಡಿನ ಆರೂ ಮನಿ ಖಾಲಿ ಅದಾವು ಅಂತ ಕಣ್ಣಿಂದ ನೋಡ್ರಿ, ಬೆರಳು ಹಾಕಿ ನೋಡ್ರಿ, ಗುಂಡು ಬ್ಯಾರೆ ಖೋಲ್ಯಾಗ ಕೀಲಿ ಹಾಕಿ ಇಡ್ರಿ, ಆಮ್ಯಾಲ ಸ್ಕ್ರೂ. ಎರಡೂ ಪ್ಲೇಟ್ ಹಿಡಿಯೋದು ಅಡ್ಡಕ್ಕ ಹಾದು ಹೋಗೋ ಒಂದ ಸ್ಕ್ರೂ, ಅದರ ಗೀರಿಗೆ ಸರಿ ಕೂಡೋ ಸ್ಕ್ರೂಡ್ರೈವರ್ ಇಲ್ಲಂದ್ರ ತುದಿ ತಿಕ್ಕಿ ಮಾಡ್ಕೋರಿ, ರಾತ್ರಿ ಒಂದು ಹನಿ ಎಣ್ಣಿ ಬಿಟ್ಟು ಮುಂಜಾನೆ ತಿರುವಿದ್ರ ಬರ್ತೈತಿ. ಒಳಗಿನ ಸ್ಪ್ರಿಂಗ್ ಮುಟ್ಟೋದಲ್ಲ, ಬಿಚ್ಚೋದಲ್ಲ, ಅದು ಲೈಸೆನ್ಸ್ ಇರೋ ಬಂದೂಕು ರಿಪೇರಿಯವ್ರ ಕೆಲಸ, ನಮ್ಮದು ಹೊರಗಿನ ಹಿಡಿಕಿ ಅಷ್ಟ.

ಎಲೆಕ್ಷನ್ ಬಂದಾಗ ಠಾಣೆಗೆ ಜಮಾ ಮಾಡಬೇಕಲ್ರಿ, ನನ್ನ ಕೆಲಸದ ನಡುವನೂ ಹಂಗ ಆತು. 1857ರಾಗ ಹತಾರ ಒಪ್ಪಿಸ್ರಿ ಅಂದದ್ದಕ್ಕ ಎದ್ದು ನಿಂತ ಹಲಗಲಿ ನಮ್ಮ ಜಿಲ್ಲಾದ್ದ, ಹತಾರ ಅಂದ್ರ ಈ ಕಡೆ ಮಂದಿಗೆ ಮನಸ್ಸು ಬ್ಯಾರೆನ ಇರ್ತೈತಿ, ಇರಲಿ, ಕಾನೂನು ಕಾನೂನು. ಕೊಡೋಕ್ಕಿಂತ ಮೊದಲ ಬರೇ ಫ್ರೇಮ್ ಕಾಗದದ ಮ್ಯಾಲ ಇಟ್ಟು ಚೂಪಾದ ಪೆನ್ಸಿಲ್ಲಿಂದ ಗೀರು ಹಾಕ್ಕೊಂಡ್ನಿ, ಅದನ್ನ ತೆಳ್ಳನ ಪ್ಲೈವುಡ್ಡಿಗೆ ಅಂಟಿಸಿ ಕೊಯ್ದು ಅಳತಿ ಪ್ಲೇಟ್ ಮಾಡ್ಕೊಂಡ್ನಿ, ಆಮ್ಯಾಲ ಹಳೇ ಹಿಡಿಕಿ ವಾಪಸ್ ಹಾಕಿ ಠಾಣೆಗೆ ಕೊಟ್ನಿ. ಬಂದೂಕು ಅಲ್ಲಿದ್ದಾಗ ಇಲ್ಲಿ ಒರಟು ಕೆಲಸ ಮುಗೀತು.

ದಿಂಡಿನಿಂದ 12 ಮಿಲಿಮೀಟರ್ ದಪ್ಪದ ಎರಡು ಹಲಗಿ, ಒಂದ ತುಂಡನ್ನ ನಡುವ ಸೀಳಿ ಪುಸ್ತಕ ತೆರದಂಗ ಮಾಡಿದ್ರ ಎರಡೂ ಕಡೆ ಗೆರಿ ಜೋಡಿ ಬರ್ತಾವು. ನಾರು ಹಿಡಿಕಿಯ ಉದ್ದಕ್ಕ ಹರೀಬೇಕು, ಅಡ್ಡ ಹರದ್ರ ಸ್ಕ್ರೂ ಹಂತ್ಯಾಕ ಮುರೀತೈತಿ. ತೂತು ಹಲಗಿ ಸಪಾಟ ಇದ್ದಾಗನ ಕೊರೀಬೇಕು, ಕೆಳಗ ಬ್ಯಾರೆ ಕಟ್ಟಿಗಿ ಇಟ್ಟು, ಮೊದಲ ಸಣ್ಣ ಬಿಟ್ ಆಮ್ಯಾಲ ದೊಡ್ಡದು. ಹಳೇ ಪ್ಲೇಟಿನ ಸ್ಕ್ರೂ ತೂತಿನ್ಯಾಗಿದ್ದ ಲೋಹದ ಬಳಿ, ಅಂದ್ರ ಬುಶ್, ಬಿಚ್ಚಿ ಇದಕ್ಕ ಕೂಡಸಿನಿ, ಹೊಸಾದು ಬೇಕಾದ್ರ ಲೇಥ್ ಅಂಗಡ್ಯಾಗ ಹಿತ್ತಾಳ್ಯಾಗ ಮಾಡಿ ಕೊಡ್ತಾರ.

ಫ್ರೇಮಿಗೆ ಕೂಡಸೋದ ಖರೆ ಕೆಲಸ, ಇಲ್ಲಿ ಅವಸರ ನಡಿಯಂಗಿಲ್ಲ. ದೀಪದ ಕಾಡಗಿ ಹಿಡದು ಒಂದು ಹನಿ ಹರಳೆಣ್ಣಿ ಕಲಸಿ ಫ್ರೇಮಿನ ಅಂಚಿಗೆ ಬೆರಳ ತುದಿಲೆ ತೆಳ್ಳಗ ಸವರಬೇಕು, ಹಲಗಿ ಒತ್ತಿ ತಗದ್ರ ಎಲ್ಲಿ ಉಬ್ಬು ಐತಿ ಅಲ್ಲಿ ಕರೀ ಚುಕ್ಕಿ ಮೂಡ್ತೈತಿ, ಆ ಚುಕ್ಕಿ ಅಷ್ಟ ಚೂಪ ಉಳಿಯಿಂದ ಕೆರಿಯೋದು, ಮತ್ತ ಒತ್ತೋದು, ಮತ್ತ ಕೆರಿಯೋದು. ಮೊದಮೊದಲು ಎರಡ ಕಡೆ ಚುಕ್ಕಿ ಬೀಳ್ತಾವು, ಹೋಗ್ತ ಹೋಗ್ತ ಅಂಚಿನ ಗುಂಟ ಪೂರಾ ಗೆರಿ ಬಂತಂದ್ರ ಕೂತಂಗ. ಹಿಂದಿನ ಮೈಗೆ ಸ್ಪ್ರಿಂಗಿನ ಜಾಗಾದಾಗ ಹಳೇ ಪ್ಲೇಟ್ ನೋಡಿ ಅಷ್ಟ ತಗ್ಗು ತಗೀರಿ, ಕಟ್ಟಿಗಿ ಸ್ಪ್ರಿಂಗಿಗೆ ತಾಗಬಾರದು. ಹೊರಗಿನ ಆಕಾರಕ್ಕ ಕಾನಸ ಹಿಡಿಯೋವಾಗ ಪ್ಲೇಟ್ ಬಿಚ್ಚಿಕೊಂಡ ಮಾಡ್ರಿ, ಕಡೀಕ ಅಂಚು ಸಮ ಮಾಡೋವಾಗ ಫ್ರೇಮಿಗೆ ಎರಡು ಪದರ ಟೇಪ್ ಹಚ್ರಿ, ಇಲ್ಲಂದ್ರ ಹಳೇ ನೀಲಿ ಪಾಲಿಶ್ ಒಂದ ಗೀರಿಗೆ ಹೋಗ್ತೈತಿ.

ಜಾಲಿಯೊಳಗ ಒಂದು ಗುಣ ಐತಿ, ಇದನ್ನ ಮರೀಬಾರದು. ಅದರ ತೊಗಟಿ ಚರ್ಮ ಹದಾ ಮಾಡಾಕ ಬಳಸ್ತಾರ, ಆ ಒಗರು ಕಟ್ಟಿಗ್ಯಾಗೂ ಇರ್ತೈತಿ, ತ್ಯಾವ ಮತ್ತ ಕಬ್ಬಿಣ ಎರಡೂ ಕೂಡಿದ್ರ ಮಸಿ ಹಂಗ ಕಪ್ಪು ಕಲಿ ಬೀಳ್ತೈತಿ, ಕಬ್ಬಿಣಾನೂ ತಿಂತೈತಿ. ಅದಕ್ಕ ಒಳಗಿನ ಮೈ ಮತ್ತ ಸ್ಕ್ರೂ ತೂತಿಗೆ ಸ್ಪಿರಿಟ್‌ನ್ಯಾಗ ಕರಗಿಸಿದ ಅರಗಿನ ಪಾಲಿಶ್ ಹಚ್ಚಿ ಪೂರಾ ಮುಚ್ಚಿನಿ. ಹೊರಗಿನ ಮೈಗೆ 400 ನಂಬರ್ ಪೇಪರ್ ತನಕ ತಿಕ್ಕಿ ಅಗಸಿ ಎಣ್ಣಿ, ಒಂದೊಂದ ಹನಿ, ಅಂಗೈಲೆ ಬಿಸಿ ಹತ್ತೋ ತನಕ ತಿಕ್ಕೋದು, ಒಣಗಿದ ಮ್ಯಾಲ ಇನ್ನೊಂದು ಕೈ. ಕೊಬ್ರಿ ಎಣ್ಣಿ, ಶೇಂಗಾ ಎಣ್ಣಿ ಹಚ್ಚಬ್ಯಾಡ್ರಿ, ಅವು ಒಣಗಂಗಿಲ್ಲ, ಜಿಗಟ ಆಗಿ ಧೂಳ ಹಿಡೀತಾವು. ಅಗಸಿ ಎಣ್ಣಿ ಒರಸಿದ ಅರಬಿ ಮುದ್ದಿ ಮಾಡಿ ಒಗೀಬ್ಯಾಡ್ರಿ, ತಾನ ಕಾದು ಬೆಂಕಿ ಹತ್ತೋದೂ ಐತಿ, ನೀರಾಗ ನೆನಸಿ ಹರವಿ ಒಣ ಹಾಕ್ರಿ. ಚೌಕಳಿ ಗೀರು ಹಾಕೋ ಆಸೆ ಇತ್ತು, ಆದ್ರ ಜಾಲಿ ನಾರು ತಿರುವ್ಯಾಡಿ ಬೆಳೀತೈತಿ, ಸಣ್ಣ ಗೀರಿನ ತುದಿ ನಿಲ್ಲಂಗಿಲ್ಲ, ನುಣ್ಣಗ ಬಿಡೋದ ಚಂದ.

ಎಮ್ಮಿ ಕೋಡಿಂದು ಇನ್ನೊಂದು ಜೋಡಿ ಮಾಡೀನಿ, ಬೀಗರ ಹೊಲದಾಗ ಸತ್ತ ಎಮ್ಮಿದು. ನೀರಾಗ ಕುದಿಸಿದ್ರ ಒಳಗಿನ ಎಲುಬು ಜಾರಿ ಬರ್ತೈತಿ, ಬಿಸಿ ಇದ್ದಾಗನ ವೈಸ್‌ನ್ಯಾಗ ಒತ್ತಿ ಸಪಾಟ ಮಾಡಬೇಕು, ತಿಕ್ಕೋವಾಗ ಕೂದಲು ಸುಟ್ಟ ನಾತ, ಮುಖಕ್ಕ ಮಾಸ್ಕ್ ಇರ್ಲೇಬೇಕು. ಪಾಲಿಶ್ ಮಾಡಿದ್ರ ಮೂಲ ವಲ್ಕನೈಟಿನ ಕರೀ ಬಣ್ಣಕ್ಕ ಅಷ್ಟ ಹತ್ರ ಇನ್ಯಾವದೂ ಬರಂಗಿಲ್ಲ. ಆದ್ರ ನಮ್ಮ ಚೈತ್ರ ವೈಶಾಖದ ಒಣ ಬಿಸಲಿಗೆ ಕುಗ್ಗಿ ಅಂಚಿನ್ಯಾಗ ಕೂದಲೆಳಿ ಸಂದು ಬಿಡ್ತೈತಿ, ಮಳಿಗಾಲಕ್ಕ ಮತ್ತ ಕೂಡ್ತೈತಿ, ಹುಳಾನೂ ತಿಂತಾವು, ಅದಕ್ಕ ದಿನಾ ಬಳಕಿಗೆ ನನ್ನ ಮತ ಜಾಲಿಗೇ.

ಖರ್ಚು ಕೇಳಿದ್ರ ಗರಗಸದ ಬ್ಲೇಡು, ಪೇಪರ್, ಅರಗು, ಎಣ್ಣಿ, ಎಲ್ಲಾ ಕೂಡಿ 400 ರೂಪಾಯಿ ದಾಟಿಲ್ಲ. ಕಾನ್ಪುರದ ಕಾರ್ಖಾನ್ಯಾಗ ತಯಾರಾದ .32 ರಿವಾಲ್ವರ್ ಇದ್ದವ್ರು ನೋಡಾಕ ವೆಬ್ಲಿ ಹಂಗ ಐತಿ ಅಂತ ನನ್ನ ಅಳತಿ ತಗೋಬ್ಯಾಡ್ರಿ, ನಿಮ್ಮ ಫ್ರೇಮಿನ ಮ್ಯಾಲ ನೀವ ಗೀರು ಹಾಕ್ಕೋರಿ. ಹಳೇ ಪ್ಲೇಟ್ ಒಡದಿದ್ರೂ ಅರಬ್ಯಾಗ ಸುತ್ತಿ ಜ್ವಾಕಿ ಇಡ್ರಿ, ಮತ್ತ ಮೊದಲನೇ ಬ್ಯಾಸಿಗಿ ಕಳದ ಮ್ಯಾಲ ಸ್ಕ್ರೂ ಒಮ್ಮೆ ನೋಡ್ರಿ, ಸಡಲ ಆಗಿದ್ರ ಕಾಲು ಸುತ್ತು ಸಾಕು, ಜಾಸ್ತಿ ಬಿಗದ್ರ ಬುಶ್ ಹಂತ್ಯಾಕ ಕಟ್ಟಿಗಿ ಸೀಳ್ತೈತಿ.